ಹೆಸರಿದ್ದೂ ಗುರುತಿಲ್ಲದವರಿಗೆ ಒಂದು ಬಹಿರಂಗ ಪತ್ರ

ರೋಜಾ, ಕಲಬುರಗಿ

ಇವರಿಗೆ,
ಇಕ್ತಿಯೋಸಾರಸ್ ಇಂಡಿಕಸ್ ಅವರು,
ಉತ್ತತೂರು ಪದರಗಳು, ತಿರುಚಿರಾಪಳ್ಳಿ ಸೀಮೆ, ತಮಿಳುನಾಡು.

ವಿಷಯ: ತಮ್ಮ ಹೆಸರು ಸಂದೇಹದ ಪಟ್ಟಿಗೆ ಸೇರಿರುವ ಬಗ್ಗೆ.

ಮಾನ್ಯರೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಬರೆದುಕೊಳ್ಳುವುದೇನೆಂದರೆ, ತಾವು ತೀರಿಕೊಂಡು ಸುಮಾರು ಹತ್ತು ಕೋಟಿ ವರ್ಷವಾಗಿದ್ದರೂ ತಮ್ಮ ಕಾಗದಪತ್ರ ಇನ್ನೂ ಪೂರ್ತಿಯಾಗಿಲ್ಲ. ಇದಕ್ಕೆ ತಾವು ನಾಚಿಕೊಳ್ಳಬೇಕಾಗಿಲ್ಲ. ನಮ್ಮ ಕಡೆ ಬದುಕಿರುವ ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ರುಜುವಾತು ಮಾಡಬೇಕು. ಸತ್ತವರ ಹೆಸರು ಮಾತ್ರ ಮತದಾರರ ಪಟ್ಟಿಯಲ್ಲಿ ಯಾರ ತಕರಾರೂ ಇಲ್ಲದೆ ನಡೆದುಕೊಂಡು ಹೋಗುತ್ತದೆ. ತಮ್ಮದು ಮೂರನೆಯ ಬಗೆ. ಹೆಸರು ಇದೆ, ಮೂಳೆ ಇದೆ, ಯಾರೆಂದು ಹೇಳುವವರಿಲ್ಲ.

ಈ ಹೆಸರು ಇಟ್ಟವರು ರಿಚರ್ಡ್ ಲಿಡೆಕ್ಕರ್ ಸಾಹೇಬರು. 1874ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿ, ಮುಂದೆ ಪಳೆಯುಳಿಕೆಗಳ ವಿಷಯದಲ್ಲಿ ದೊಡ್ಡ ಹೆಸರು ಮಾಡಿದ ವ್ಯಕ್ತಿ. ತಿರುಚಿರಾಪಳ್ಳಿ ಸೀಮೆಯ ಉತ್ತತೂರು ಪದರಗಳಿಂದ ಬಂದ ಕೆಲವು ಬೆನ್ನುಮೂಳೆಯ ಮಣಿಗಳನ್ನು ನೋಡಿ, 1879ರಲ್ಲಿ, ಅವರು ಮೂವತ್ತನೆಯ ವಯಸ್ಸಿನಲ್ಲಿ ತಮಗೆ ನಾಮಕರಣ ಮಾಡಿಯೇ ಬಿಟ್ಟರು. ತಲೆಬುರುಡೆ ಇಲ್ಲ, ತೋಳಿಲ್ಲ, ಬಾಲದ ತುದಿ ಇಲ್ಲ. ಆದರೆ ಹೆಸರಿನ ಕೊನೆಗೆ ‘ಇಂಡಿಕಸ್’ ಇತ್ತು. ಯಾವ ಪ್ರಾಣಿ ಎಂಬುದಕ್ಕಿಂತ ಯಾವ ದೇಶದ್ದು ಎಂಬುದು ಮೊದಲು ತೀರ್ಮಾನವಾಯಿತು. ಈ ಪದ್ಧತಿ ನಮಗೆ ಅಪರಿಚಿತವೇನಲ್ಲ.

ಆಮೇಲೆ ಬಂದ ಪಂಡಿತರು ಕಡತ ತೆರೆದು ನೋಡಿ, ಹೆಸರಿನ ಮುಂದೆ ‘ನೋಮೆನ್ ಡ್ಯೂಬಿಯಮ್’ ಎಂದು ಷರಾ ಬರೆದರು. ಸಂದೇಹಾಸ್ಪದ ಹೆಸರು ಎಂದರ್ಥ. ನಮ್ಮ ಕಚೇರಿ ಭಾಷೆಯಲ್ಲಿ ಹೇಳುವುದಾದರೆ ಹಿಂಬರಹ ಕೊಟ್ಟರು. ತಾವು ಇಕ್ತಿಯೋಸಾರ್ ಎಂಬ ಸಮುದ್ರದ ಸರೀಸೃಪಗಳ ಕುಲದವರು ಎನ್ನುವುದರಲ್ಲಿ ಅವರಿಗೆ ಅನುಮಾನವಿಲ್ಲ. ಆ ಕುಲದ ಯಾವ ಮನೆಯವರು ಎಂದು ಆ ಮಣಿಗಳನ್ನು ನೋಡಿ ಹೇಳಲು ಆಗುವುದಿಲ್ಲ ಎನ್ನುವುದಷ್ಟೇ ಅವರ ತಕರಾರು. ನಡುವೆ ಕೆಲವರು ತಮ್ಮನ್ನು ಪ್ಲಾಟಿಪ್ಟೆರಿಜಿಯಸ್ ಎಂಬ ಇನ್ನೊಂದು ಮನೆಗೆ ವರ್ಗಾಯಿಸಿ ನೋಡಿದರು. ವರ್ಗಾವಣೆಯಿಂದ ನೌಕರನ ಗುಣ ಬದಲಾಗದು ಎನ್ನುವುದು ಅಲ್ಲಿಯೂ ಸಾಬೀತಾಯಿತು.

ಹಾಗಂತ ಆ ಮಣಿಗಳು ಕೆಲಸಕ್ಕೆ ಬಾರದವು ಎಂದುಕೊಳ್ಳಬೇಡಿ. ಸಮುದ್ರದ ಸರೀಸೃಪಗಳ ಬೆನ್ನುಮಣಿಗಳಲ್ಲಿ ತಮ್ಮದರಷ್ಟು ಸುಲಭವಾಗಿ ಕುಲ ಬಿಟ್ಟುಕೊಡುವ ಮಣಿ ಬೇರೊಂದಿಲ್ಲ. ದಪ್ಪ ಕಡಿಮೆ, ಅಗಲ ಹೆಚ್ಚು, ಎರಡೂ ಮುಖ ಬಟ್ಟಲಿನ ಹಾಗೆ ಆಳವಾಗಿ ತಗ್ಗು. ಪ್ಲೀಸಿಯೋಸಾರ್ ಮಣಿಯಾದರೆ ಮುಖಗಳು ಹೆಚ್ಚುಕಡಿಮೆ ಸಪಾಟಾಗಿದ್ದು, ಅಡಿಯಲ್ಲಿ ಎರಡು ಸಣ್ಣ ತೂತುಗಳಿರುತ್ತವೆ. ಮೋಸಾಸಾರ್ ಮಣಿಯಾದರೆ ಮುಂದೆ ತಗ್ಗು, ಹಿಂದೆ ಉಬ್ಬು. ಮೋಸ ಮಾಡುವುದು ಶಾರ್ಕಿನ ಮಣಿ. ಅದೂ ಎರಡೂ ಕಡೆ ತಗ್ಗಾಗಿಯೇ ಇರುತ್ತದೆ. ಆದರೆ ಅದು ಮೂಳೆಯಲ್ಲ, ಸುಣ್ಣ ಕಟ್ಟಿದ ಮೃದ್ವಸ್ಥಿ. ಒಳಗೆ ಉಂಗುರ ಉಂಗುರವಾಗಿ ಬೆಳೆದಿರುತ್ತದೆ. ಇನ್ನೂ ಒಂದು ಗುರುತು: ತಮ್ಮಲ್ಲಿ ಬೆನ್ನುಹುರಿಯನ್ನು ಕಾಯುವ ಮೇಲಿನ ಕಮಾನು ಮಣಿಗೆ ಬೆಸೆದುಕೊಂಡಿರುವುದಿಲ್ಲ. ಸತ್ತಮೇಲೆ ಕಳಚಿ ಬೀಳುತ್ತದೆ, ಮಣಿಯ ನೆತ್ತಿಯ ಮೇಲೆ ಅದು ಕೂತಿದ್ದ ಜಾಗ ಮಾತ್ರ ಉಳಿಯುತ್ತದೆ. ಪಕ್ಕೆಲುಬು ತಾಗುವ ಉಬ್ಬುಗಳನ್ನು ನೋಡಿದರೆ ಮಣಿ ಎದೆಯ ಭಾಗದ್ದೋ ಬಾಲದ್ದೋ ಎಂದೂ ಹೇಳಬಹುದು. ಎರಡು ಉಬ್ಬು ಇದ್ದರೆ ಮೈಯದು, ಒಂದೇ ಇದ್ದರೆ ಬಾಲದ್ದು.

ತೊಡಕು ಇರುವುದೇ ಇಲ್ಲಿ. ತಮ್ಮಂಥ ಒಬ್ಬರ ಬೆನ್ನಿನಲ್ಲಿ ನೂರಕ್ಕೂ ಹೆಚ್ಚು ಮಣಿ. ಕುತ್ತಿಗೆಯಿಂದ ಬಾಲದವರೆಗೆ ಅವುಗಳ ಅಳತೆ, ಆಕಾರ ಬದಲಾಗುತ್ತಲೇ ಹೋಗುತ್ತದೆ. ಒಂದೇ ಪ್ರಾಣಿಯ ಎರಡು ಮಣಿಗಳ ನಡುವಿನ ವ್ಯತ್ಯಾಸ, ಎರಡು ಬೇರೆ ಪ್ರಭೇದಗಳ ಒಂದೇ ಜಾಗದ ಮಣಿಗಳ ನಡುವಿನ ವ್ಯತ್ಯಾಸಕ್ಕಿಂತ ಹೆಚ್ಚಿರಬಹುದು. ಆದ್ದರಿಂದ ಬಿಡಿ ಮಣಿಗಳಿಂದ ಕುಲ ಹೇಳಬಹುದು, ಪ್ರಭೇದ ಹೇಳಬಾರದು. ಲಿಡೆಕ್ಕರ್ ಸಾಹೇಬರು ಹೇಳಿದರು.

ಅವರನ್ನು ಒಬ್ಬರನ್ನೇ ದೂರಿದರೆ ಅನ್ಯಾಯವಾದೀತು. ತಮ್ಮ ಮನೆತನದ ಮೂಳೆ ಕಂಡು ಎಡವಿದವರ ಸಾಲು ಉದ್ದವಿದೆ. ಯೋಹಾನ್ ಶಾಯ್ಕ್‌ಝರ್ ಎಂಬ ಸ್ವಿಸ್ ಪಂಡಿತರಿಗೆ ಜರ್ಮನಿಯ ಆಲ್ಟ್‌ಡಾರ್ಫ್ ಊರಿನ ಗಲ್ಲುಮರದ ಹತ್ತಿರ ಎರಡು ಬೆನ್ನುಮಣಿ ಸಿಕ್ಕವು. ಇವು ಬೈಬಲಿನ ಜಲಪ್ರಳಯದಲ್ಲಿ ಮುಳುಗಿದ ಮನುಷ್ಯನವು ಎಂದು 1708ರಲ್ಲಿ ಅಚ್ಚು ಹಾಕಿಸಿದರು. ಗಲ್ಲುಮರದ ಬುಡದಲ್ಲಿ ಸಿಕ್ಕದ್ದು ಪಾಪಿಯ ಮೂಳೆಯೇ ಇರಬೇಕಲ್ಲವೆ? ಅದು ತಮ್ಮ ಬಂಧುವೊಬ್ಬರದು. ಮನುಷ್ಯ ಹುಟ್ಟುವ ಎಷ್ಟೋ ಕೋಟಿ ವರ್ಷ ಮೊದಲೇ ಸತ್ತವರು ಮನುಷ್ಯನ ಪಾಪಕ್ಕೆ ಮುಳುಗಿದವರೆನಿಸಿಕೊಂಡರು.

ಮುಂದೆ 1811ರಲ್ಲಿ ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲತೀರದಲ್ಲಿ ಜೋಸೆಫ್ ಆ್ಯನಿಂಗ್ ಎಂಬ ಹುಡುಗನಿಗೆ ಉದ್ದ ಮೂತಿಯ ತಲೆಬುರುಡೆ ಸಿಕ್ಕಿತು. ಅವನ ತಂಗಿ ಮೇರಿ ಮರುವರ್ಷ ಉಳಿದ ಮೈಯನ್ನು ಹುಡುಕಿದಳು. ಆಗ ಅವಳಿಗೆ ಹದಿಮೂರರ ಪ್ರಾಯ. ಅದನ್ನು 1814ರಲ್ಲಿ ವರ್ಣಿಸಿದವರು ಎವರಾರ್ಡ್ ಹೋಮ್ ಎಂಬ ದೊಡ್ಡ ಶಸ್ತ್ರವೈದ್ಯರು. ಮೊದಲು ಅವರಿಗೆ ಅದು ಮೀನಿಗೆ ಹತ್ತಿರ ಎನಿಸಿತು. 1819ರ ಹೊತ್ತಿಗೆ ಹಲ್ಲಿಗೂ ಪ್ರೋಟಿಯಸ್ ಎಂಬ ಉಭಯವಾಸಿಗೂ ನಡುವಿನ ಪ್ರಾಣಿ ಎನಿಸಿ, ‘ಪ್ರೋಟಿಯೋಸಾರಸ್’ ಎಂದು ಕರೆದರು. ಅಷ್ಟರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಚಾರ್ಲ್ಸ್ ಕೋನಿಗ್ ಅವರು ‘ಇಕ್ತಿಯೋಸಾರಸ್’ ಎಂಬ ಹೆಸರನ್ನು ಬಳಕೆಗೆ ತಂದಿದ್ದರು. ಮೊದಲು ಬಂದ ಹೆಸರಿಗೇ ಮಾನ ಎಂಬುದು ಪ್ರಾಣಿಗಳ ನಾಮಕರಣದ ನಿಯಮ. ಹೋಮ್ ಇಟ್ಟ ಹೆಸರು ಉಳಿಯಲಿಲ್ಲ. ನಮ್ಮೂರಿಗೂ ಹಳೆಯ ಹೆಸರು ವಾಪಸು ಬಂದದ್ದು 2014ರ ನವೆಂಬರ್ 1ರಂದು. ಬಹಮನಿಗಳ ಅಹಸನಾಬಾದ, ಆಮೇಲಿನ ಗುಲಬರ್ಗಾ, ಎಲ್ಲ ದಾಟಿ ಕಲಬುರಗಿಗೆ ಬಂದು ನಿಂತಿದೆ. ರೋಜಾದ ಅಂಗಡಿಗಳ ಹಳೆಯ ಬೋರ್ಡುಗಳಿಗೆ ಈ ಸುದ್ದಿ ಮುಟ್ಟಲು ಸ್ವಲ್ಪ ತಡವಾಯಿತು, ಅಷ್ಟೆ.

ಮೇರಿ ಆ್ಯನಿಂಗ್ ಹೆಕ್ಕಿದ ಆ ಪ್ರಾಣಿ ಈಗ ಇಕ್ತಿಯೋಸಾರಸ್ ಅಲ್ಲ, ಟೆಮ್ನೊಡೊಂಟೊಸಾರಸ್. ಯಾಕೆಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಉದ್ದ ಮೂತಿ, ದೊಡ್ಡ ಕಣ್ಣು, ಈಜುಗಾಲು ಇದ್ದ ಏನೇ ಸಿಕ್ಕರೂ ಇಕ್ತಿಯೋಸಾರಸ್ ಎಂದು ಬರೆದು ಒಂದೇ ಗಂಟಿಗೆ ಹಾಕುತ್ತಿದ್ದರು. ಟ್ರಯಾಸಿಕ್ ಕಾಲದ್ದು, ಜುರಾಸಿಕ್ ಕಾಲದ್ದು, ಕ್ರಿಟೇಶಿಯಸ್ ಕಾಲದ್ದು ಎಂಬ ಭೇದವಿಲ್ಲ. ತಮ್ಮನ್ನೂ ಹಾಗೇ ಹಾಕಿದರು. ನಿಜವಾದ ಇಕ್ತಿಯೋಸಾರಸ್ ಮಂದಿ ಜುರಾಸಿಕ್ ಕಾಲದ ಆರಂಭದವರು. ಅವರಿಗೂ ತಮಗೂ ನಡುವೆ ಹತ್ತಿರ ಹತ್ತಿರ ಹತ್ತು ಕೋಟಿ ವರ್ಷದ ಅಂತರ. ಅಷ್ಟು ದೂರದ ಮನೆಯ ಅಡ್ಡಹೆಸರು ತಮ್ಮ ಕೊರಳಿಗೆ ಬಿತ್ತು.

ಹಾಗಾದರೆ ಏನು ಬೇಕು ಎಂದು ತಾವು ಕೇಳಬಹುದು. ಹೆಚ್ಚೇನೂ ಬೇಡ, ಬೇರೆಯವರಲ್ಲಿ ಇಲ್ಲದ, ತಮ್ಮಲ್ಲಿ ಮಾತ್ರ ಇರುವ ಒಂದು ಗುರುತು ಬೇಕು. ತಲೆಬುರುಡೆಯ ಹಿಂಬದಿಯ ಮೂಳೆಗಳು ಇದ್ದರೆ ಬಹಳ ಉತ್ತಮ. ಹಲ್ಲಾದರೆ ಬೇರಿನ ಸಮೇತ ಬೇಕು. ತಮ್ಮವರ ಹಲ್ಲುಗಳು ದವಡೆಯ ಉದ್ದಕ್ಕೂ ಇರುವ ಒಂದೇ ಕಾಲುವೆಯಲ್ಲಿ ಸಾಲಾಗಿ ನಿಂತಿರುತ್ತವೆ, ಬೇರಿನ ಗೋಡೆ ಒಳಕ್ಕೆ ಮಡಿಚಿಕೊಂಡಿರುತ್ತದೆ, ಮೇಲೆ ಉದ್ದುದ್ದ ಗೆರೆ. ಆ ಬೇರು ಅಡ್ಡ ಕುಯ್ದರೆ ದುಂಡಗಿದೆಯೋ ಚೌಕವೋ ಎನ್ನುವುದರ ಮೇಲೂ ವಾದಗಳಾಗುತ್ತವೆ. ತೋಳಮೂಳೆ ಇದ್ದರಂತೂ ಅರ್ಧ ಕೆಲಸ ಮುಗಿಯಿತು. ಅದರ ಕೆಳತುದಿಯಲ್ಲಿ ಮುಂಗೈಯ ಎರಡು ಮೂಳೆಗಳಿಗೆ ಎರಡು ಜಾಗ ಇರುವುದು ಹಳೆಯ ಕ್ರಮ. ಮುಂಬದಿಯಲ್ಲಿ ಮೂರನೆಯ ಜಾಗವೊಂದು ಹೆಚ್ಚುವರಿಯಾಗಿ ಕಂಡರೆ ಆಫ್ತಾಲ್ಮೋಸಾರ್ ಕುಟುಂಬದ ಕಡೆಗೆ ಬೆರಳು ತೋರಿಸಬಹುದು. ಹೆಸರೇ ಹೇಳುವ ಹಾಗೆ ಅವರು ಕಣ್ಣಿನಿಂದ ಪ್ರಸಿದ್ಧರು. ಕಣ್ಣಗುಡ್ಡೆಯ ಒಳಗಿನ ಮೂಳೆಯುಂಗುರವೇ 20 ಸೆಂಟಿಮೀಟರ್ ಮೀರುವುದುಂಟು.

ಇಂಥ ಒಂದೊಂದು ಲಕ್ಷಣವನ್ನೂ ಉದ್ದನೆಯ ಕೋಷ್ಟಕದಲ್ಲಿ ಬರೆಯುತ್ತಾರೆ. ಇದ್ದರೆ 1, ಇಲ್ಲದಿದ್ದರೆ 0, ಆ ಮೂಳೆಯೇ ಸಿಗದಿದ್ದರೆ ಪ್ರಶ್ನೆಚಿಹ್ನೆ. ಎಲ್ಲ ಬಂಧುಬಳಗದ ಸಾಲುಗಳನ್ನೂ ಕಂಪ್ಯೂಟರಿಗೆ ಕೊಟ್ಟು, ಕಡಿಮೆ ಬದಲಾವಣೆಗಳಲ್ಲಿ ಕೂಡಿಬರುವ ವಂಶವೃಕ್ಷ ಯಾವುದು ಎಂದು ಕೇಳುತ್ತಾರೆ. ತಮ್ಮ ಸಾಲನ್ನು ಬರೆಯಲು ಕೂತರೆ ಈ ತುದಿಯಿಂದ ಆ ತುದಿಗೆ ಪ್ರಶ್ನೆಚಿಹ್ನೆಗಳೇ. ತಿರುಚಿರಾಪಳ್ಳಿ ಸೀಮೆಯ ನೆಲದಲ್ಲಿ ಆಮೇಲೆ ಇಕ್ತಿಯೋಸಾರ್ ಹಲ್ಲುಗಳೂ ಸಿಕ್ಕಿವೆ. ಸಂತೋಷದ ಸಂಗತಿ. ಆದರೆ ಆ ಹಲ್ಲು ತಮ್ಮದೇ ಎನ್ನುವುದಕ್ಕೆ ಪುರಾವೆ ಏನು? ಹಲ್ಲೂ ಮಣಿಯೂ ಒಂದೇ ಮೈಯಲ್ಲಿ ಸಿಕ್ಕಿದ್ದರೆ ಮಾತು ಬೇರೆ ಇತ್ತು. ಪಕ್ಕದ ಮನೆಯವರ ದಾಖಲೆ ಲಗತ್ತಿಸಿದರೆ ಯಾವ ಗುಮಾಸ್ತನೂ ಒಪ್ಪುವುದಿಲ್ಲ.

ಮೂಳೆ ಪೂರ್ತಿ ಇದ್ದರೂ ಭಾಗ್ಯ ಬೇಕು ಎನ್ನಿ. ಇಂಗ್ಲೆಂಡಿನ ಡಾಂಕಾಸ್ಟರ್ ಮ್ಯೂಸಿಯಮ್ಮಿನಲ್ಲಿ ತಮ್ಮ ಬಳಗದ ಒಂದು ಅಸ್ಥಿಪಂಜರವನ್ನು ಪ್ಲಾಸ್ಟರಿನ ನಕಲು ಎಂದು ತಿಳಿದು ಬಹುಕಾಲ ಬದಿಗಿಟ್ಟಿದ್ದರು. 2008ರಲ್ಲಿ ಡೀನ್ ಲೋಮ್ಯಾಕ್ಸ್ ಎಂಬ ಯುವಕ ಅದು ಅಸಲಿ ಎಂದು ಕಂಡುಕೊಂಡ. ಅಮೆರಿಕದ ಜೂಡಿ ಮಸಾರೆ ಅವರ ಜೊತೆ ಬೇರೆ ಬೇರೆ ಮ್ಯೂಸಿಯಮ್‌ಗಳ ಮೂಳೆಗಳೊಂದಿಗೆ ತಾಳೆ ನೋಡಿ, ತೋಳು ಮತ್ತು ತೊಡೆಯ ಮೂಳೆಗಳ ಆಕಾರದ ಮೇಲೆ 2015ರಲ್ಲಿ ಹೊಸ ಪ್ರಭೇದವೆಂದು ಘೋಷಿಸಿದರು. ಹೆಸರು ಇಕ್ತಿಯೋಸಾರಸ್ ಆ್ಯನಿಂಗೆ, ಆ ಮೇರಿಯ ನೆನಪಿಗೆ. ಕಂಡದ್ದಕ್ಕೂ ಹೆಸರಿಟ್ಟದ್ದಕ್ಕೂ ನಡುವೆ ಏಳು ವರ್ಷ. ಇಷ್ಟು ನಿಧಾನಿಸುವವರನ್ನು ನಮ್ಮ ಟಿ.ವಿ. ಚರ್ಚೆಗೆ ಕರೆಯಲು ಬರುವುದಿಲ್ಲ.

ತಮ್ಮ ಸ್ವದೇಶಿ ಬಂಧುಗಳ ಸುದ್ದಿಯನ್ನೂ ಹೇಳಬೇಕು. ಗುಜರಾತಿನ ಕಚ್ಛ್ ಸೀಮೆಯ ಲೋಡಾಯಿ ಹಳ್ಳಿಯ ಬಳಿ ಸುಮಾರು ಐದೂವರೆ ಮೀಟರ್ ಉದ್ದದ ಇಕ್ತಿಯೋಸಾರ್ ಒಂದು ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಿತು. ತಲೆಯ ಕೆಲವು ಭಾಗ ಮತ್ತು ಬಾಲದ ಮೂಳೆಗಳು ಬಿಟ್ಟರೆ ಉಳಿದ ಮೈ ಇತ್ತು. ಸುಮಾರು 15 ಕೋಟಿ ವರ್ಷದ ಹಿಂದಿನದು. ಭಾರತದಲ್ಲಿ ಸಿಕ್ಕ ಮೊದಲ ಜುರಾಸಿಕ್ ಇಕ್ತಿಯೋಸಾರ್. ದೆಹಲಿ ವಿಶ್ವವಿದ್ಯಾಲಯದ ಗುಂಟುಪಲ್ಲಿ ಪ್ರಸಾದ್ ಮತ್ತು ಭಾರತ, ಜರ್ಮನಿಗಳ ಜೊತೆಗಾರರು ಹಲ್ಲಿನ ಬೇರು ನೋಡಿದರು, ಮುಂಗಾಲು ನೋಡಿದರು, ಹಲ್ಲಿನ ಸವೆತ ನೋಡಿ ಗಟ್ಟಿ ಚಿಪ್ಪಿನ ಆಹಾರ ತಿನ್ನುತ್ತಿತ್ತು ಎಂದರು. 2017ರ ಅಕ್ಟೋಬರಿನಲ್ಲಿ ಲೇಖನ ಪ್ರಕಟಿಸಿದರು. ಕೊನೆಗೆ ಅದಕ್ಕೇನು ಹೆಸರಿಟ್ಟರು? ಹೆಸರಿಡಲೇ ಇಲ್ಲ! ಬಹುಶಃ ಆಫ್ತಾಲ್ಮೋಸಾರ್ ಕುಟುಂಬದ್ದು ಎಂದು ಬರೆದು ಪೆನ್ನು ಕೆಳಗಿಟ್ಟರು.

ಐದೂವರೆ ಮೀಟರ್ ಮೂಳೆ ಕೈಯಲ್ಲಿದ್ದೂ ಹೊಸ ಹೆಸರಿಲ್ಲ. ಬೆರಳೆಣಿಕೆಯ ಮಣಿಗಳಿಗೆ ಪೂರ್ತಿ ಹೆಸರು. ನ್ಯಾಯವೆಲ್ಲಿದೆ ಎಂದು ಕಚ್ಛದ ಆ ಬಂಧು ಕೇಳಿದರೆ ತಾವೇ ಉತ್ತರ ಹೇಳಬೇಕು. ಈ ಸಂಶೋಧಕರು ವ್ಯವಹಾರಸ್ಥರಲ್ಲ ಎಂಬುದು ನನ್ನ ಅಭಿಪ್ರಾಯ. ‘ಕಚ್ಛೆನ್ಸಿಸ್’ ಎಂದೋ, ಯಾರಾದರೂ ಸಚಿವರ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿಯೋ ಇಟ್ಟಿದ್ದರೆ ಸನ್ಮಾನ, ಶಾಲು, ಸ್ಮರಣಿಕೆ ಎಲ್ಲ ಆಗುತ್ತಿತ್ತು. ‘ಇಷ್ಟೇ ಗೊತ್ತು’ ಎಂದು ಬರೆದವರಿಗೆ ಯಾರು ಹಾರ ಹಾಕುತ್ತಾರೆ?

ನಮ್ಮ ಊರಿನ ಮಂದಿ ಹಾಗಲ್ಲ. ರೋಜಾದಲ್ಲಿ, ಖ್ವಾಜಾ ಬಂದೇ ನವಾಜರ ದರ್ಗಾದ ಕಡೆಗೆ ಹೋಗುವ ರಸ್ತೆಯ ಚಹದಂಗಡಿಯಲ್ಲಿ ಕೂತರೆ ಯಾವ ಪಳೆಯುಳಿಕೆಯಾದರೂ ಅರ್ಧ ಕಪ್ ಚಹ ಮುಗಿಯುವುದರೊಳಗೆ ಗುರುತಾಗಿಬಿಡುತ್ತದೆ. ಒಬ್ಬರು ಜೇಬಿನಿಂದ ಬಿಳಿ ಚೂಪು ವಸ್ತುವೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

“ಮಾಸ್ತರ್, ಡೈನೋಸಾರ್ ಹಲ್ಲು ಅದ ನೋಡ್ರಿ.”

“ಎಲ್ಲಿ ಸಿಕ್ತರಿ?”

“ಕಮಲಾಪುರದಾಗ ಬಾವಿ ತೋಡ್ಲತ್ತಿದ್ದೆವು. ಕರಿ ಕಲ್ಲಿನ ಹೊಟ್ಟ್ಯಾಗ ಇತ್ತು.”

ಕರಿಕಲ್ಲು ಎಂದಾಗಲೇ ತೀರ್ಪು ಮುಗಿದಿತ್ತು. ಕಮಲಾಪುರದ ಕೆಂಪು ಬಾಳೆ ಬೆಳೆಯುವ ನೆಲದ ಅಡಿಯಲ್ಲಿರುವುದೂ, ಕಲಬುರಗಿ ನಗರದ ಅಡಿಯಲ್ಲಿರುವುದೂ ದಖನ್ನಿನ ಲಾವಾ. ಸುಮಾರು 6.6 ಕೋಟಿ ವರ್ಷದ ಹಿಂದೆ ಕುದಿಯುತ್ತ ಹರಿದು ಬಂದದ್ದು. ಅದು ತಣ್ಣಗಾಗುವಾಗ ಒಳಗೆ ಉಳಿದ ಗಾಳಿಗುಳ್ಳೆಗಳಲ್ಲಿ ನಿಧಾನವಾಗಿ ಬೆಣಚು, ಕ್ಯಾಲ್ಸೈಟ್, ಜಿಯೋಲೈಟ್ ಹರಳು ಬೆಳೆಯುತ್ತವೆ, ಬಿಳಿಯಾಗಿ, ಚೂಪಾಗಿ. ಹಲ್ಲಿಗೆ ಇರಬೇಕಾದ ಬೇರಿಲ್ಲ, ದಂತದ ಮೇಲೆ ಹೊದ್ದ ಎನಾಮೆಲ್ ಇಲ್ಲ, ಮುರಿದರೆ ಸಪಾಟು ಮುಖಗಳು. ಅದೇ ಕರಿಕಲ್ಲು ಬಿಸಿಲು ಮಳೆಗೆ ಪದರಪದರವಾಗಿ ಸುಲಿದು ದುಂಡಾಗಿ ಉಳಿದರೆ ‘ಡೈನೋಸಾರ್ ಮೊಟ್ಟೆ’ ಎಂದು ಮೊಬೈಲಿನಲ್ಲಿ ತಿರುಗುತ್ತದೆ. ಇಷ್ಟೆಲ್ಲ ಹೇಳಿ, “ಅದು ಹಲ್ಲಲ್ರಿ, ಹರಳು” ಎಂದೆ. ಮೇಜಿನ ಸುತ್ತ ಮೌನ. ಕೊನೆಗೆ ಹಿರಿಯರೊಬ್ಬರು, “ಮಾಸ್ತರಿಗಿ ಹೊಟ್ಟಿಕಿಚ್ಚು ಅದ” ಎಂದು ಇತ್ಯರ್ಥ ಮಾಡಿದರು.

ಇನ್ನು ಶಹಾಬಾದ ಪರಸಿಯ ಪಕ್ಷದವರು. ಅವರ ವಾದ ಸ್ವಲ್ಪ ಗಟ್ಟಿ. ನಮ್ಮ ಮನೆಗಳಿಗೆ ಹಾಸಿದ ಕಲ್ಲು ಭೀಮಾ ಸೀಮೆಯ ಸುಣ್ಣಕಲ್ಲು, ಅಂದರೆ ಒಂದು ಕಾಲದ ಸಮುದ್ರದ ತಳ. ನಾವು ಊಟಕ್ಕೆ ಕೂರುವುದೇ ಸಮುದ್ರದ ಮೇಲೆ. ಹಾಗಿದ್ದಮೇಲೆ ಸಮುದ್ರದ ಸರೀಸೃಪ ಇಲ್ಲಿ ಯಾಕಿರಬಾರದು? ಕಲ್ಲಿನಲ್ಲಿ ಜರೀಗಿಡದ ಎಲೆಯಂಥ ಕಪ್ಪು ಗುರುತು ಕೂಡ ತೋರಿಸುತ್ತಾರೆ. ಅದು ಎಲೆಯಲ್ಲ. ಪದರಗಳ ಸಂದಿಯಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್. ಸಮುದ್ರವೇನೋ ನಿಜ, ಆದರೆ ಆ ಸಮುದ್ರ 54 ಕೋಟಿ ವರ್ಷಕ್ಕಿಂತಲೂ ಹಿಂದಿನದು. ಆಗ ಭೂಮಿಯ ಮೇಲೆ ಬೆನ್ನುಮೂಳೆ ಎಂಬುದೇ ಹುಟ್ಟಿರಲಿಲ್ಲ. ತಮ್ಮ ಕುಲ ಕಾಣಿಸಿಕೊಂಡದ್ದು ಸುಮಾರು 25 ಕೋಟಿ ವರ್ಷದ ಹಿಂದೆ, ಮುಗಿದದ್ದು ಸುಮಾರು 9 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳಿಗಿಂತ ಬಹಳ ಮೊದಲೇ. ನಮ್ಮ ಜಿಲ್ಲೆಯ ಕಲ್ಲಿನಲ್ಲಿ ಒಂದೋ ತಾವು ಹುಟ್ಟುವ ಮೊದಲಿನ ಸಮುದ್ರವಿದೆ, ಇಲ್ಲವೇ ತಾವು ಸತ್ತ ಮೇಲಿನ ಬೆಂಕಿ ಇದೆ. ಎರಡರ ನಡುವೆ, ತಾವು ಈಜಾಡಿದ ಕಾಲದ ಪುಟ ನಮ್ಮಲ್ಲಿ ಇಲ್ಲವೇ ಇಲ್ಲ. ಲಾವಾ ಪದರಗಳ ನಡುವಿನ ಕೆಸರಿನಲ್ಲಿ, ಗುರುಮಠಕಲ್ ಕಡೆ, ಪಳೆಯುಳಿಕೆಗಳು ಸಿಕ್ಕಿರುವುದು ಖರೆ. ಅವು ಸಿಹಿನೀರಿನ ಕೆರೆಗಳಲ್ಲಿದ್ದ ಓಸ್ಟ್ರಕೋಡ್ ಎಂಬ ಚಿಪ್ಪಿನ ಸಣ್ಣ ಜೀವಿಗಳು. ಗುರುತಿಸಲು ಸೂಕ್ಷ್ಮದರ್ಶಕ ಬೇಕು. ಅವುಗಳ ಜೊತೆ ಸೆಲ್ಫಿ ತೆಗೆದುಕೊಳ್ಳಲು ಬರುವುದಿಲ್ಲವಾದ್ದರಿಂದ ಚಹದಂಗಡಿಗೆ ಅವುಗಳ ವಿಷಯ ಬಂದಿಲ್ಲ.

ಆದ್ದರಿಂದ ವಿಷಾದದಿಂದ ತಿಳಿಸುವುದೇನೆಂದರೆ, ತಾವು ಕಲ್ಯಾಣ ಕರ್ನಾಟಕದ 371(ಜೆ) ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಅದು ತಿರಸ್ಕೃತವಾಗುತ್ತದೆ. ಇಲ್ಲಿ ಹುಟ್ಟಿದ ದಾಖಲೆ ಇಲ್ಲ, ವಾಸದ ದಾಖಲೆಯೂ ಇಲ್ಲ. ಯಾವ ಪದರದಲ್ಲಿ ಸಿಕ್ಕಿತು ಎಂಬುದನ್ನು ಕೇಳದೆ ಮೂಳೆಯ ಆಕಾರ ಮಾತ್ರ ನೋಡುವವರು ತಮಗೆ ಪ್ರಮಾಣಪತ್ರ ಕೊಡಿಸುತ್ತೇವೆಂದು ದುಡ್ಡು ಕೇಳಿದರೆ ಕೊಡಬೇಡಿ.

ಗುರುತು ಹಿಡಿಯುವುದು ನಮ್ಮ ಜಿಲ್ಲೆಯವರಿಗೆ ಬರುವುದಿಲ್ಲ ಎಂದೂ ತಿಳಿಯಬೇಡಿ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಹತ್ತಿರ, ಕನಗನಹಳ್ಳಿಯ ಸ್ತೂಪದ ಒಂದು ಶಿಲ್ಪದಲ್ಲಿ ರಾಜ, ರಾಣಿಯರು ನಿಂತಿದ್ದಾರೆ. ಬ್ರಾಹ್ಮಿಯಲ್ಲಿ ‘ರಾಯ ಅಸೋಕ’ ಎಂದು ಕೆತ್ತಿಯೇ ಇದೆ. ಅದಿಲ್ಲದೆ ಹೋಗಿದ್ದರೆ ಆ ರಾಜ ಯಾರೆಂದು ಇಂದಿಗೂ ಸಭೆಗಳು ನಡೆಯುತ್ತಿದ್ದವು, ಒಂದೆರಡು ಸಮುದಾಯಗಳು ಮೆರವಣಿಗೆಯನ್ನೂ ಹೊರಡಿಸುತ್ತಿದ್ದವು. ಅಶೋಕನಿಗೇ ಆದರೂ, ಶಾಸನಗಳ ದೇವಾನಾಂಪ್ರಿಯ ಇವನೇ ಎಂದು ಹೆಸರು ಹಿಡಿದು ಹೇಳಲು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರು ಕೆತ್ತಿದ ಬಂಡೆ ಸಿಗಬೇಕಾಯಿತು. ಚಕ್ರವರ್ತಿಯ ಗತಿ ಹೀಗಾದರೆ, ಒಂದಕ್ಷರವೂ ಬರೆಯದೆ ಮುಳುಗಿದ ತಮ್ಮ ವಿಷಯದಲ್ಲಿ ಪಂಡಿತರು ತಡಮಾಡುತ್ತಾರೆಂದು ಬೇಸರಪಡಬಾರದು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ತಿರುಚಿರಾಪಳ್ಳಿ ಸೀಮೆಯ ಯಾವುದಾದರೂ ಕೊರಕಲಿನಲ್ಲಿ, ಮುಂದಿನ ಮಳೆಗಾಲದ ನಂತರವಾದರೂ ಸರಿ, ತಮ್ಮವರೇ ಒಬ್ಬರು ತಲೆ, ತೋಳು, ಬೆನ್ನು ಮೂರನ್ನೂ ಒಂದೇ ಕಡೆ ಜೋಡಿಸಿಕೊಂಡು ಹೊರಬರಲಿ. ಬೆನ್ನುಮಣಿ ಲಿಡೆಕ್ಕರ್ ಕಂಡ ಮಣಿಗಳಂತೆಯೇ ಇದ್ದರೂ ಹಳೆಯ ಹೆಸರು ತಮಗೆ ಮರಳುತ್ತದೆಂಬ ಭರವಸೆ ನಾನು ಕೊಡಲಾರೆ. ಬಹುಶಃ ಹೊಸ ಹೆಸರೇ ಬಂದೀತು. ಅಲ್ಲಿಯವರೆಗೆ ‘ಇಕ್ತಿಯೋಸಾರ್, ಪ್ರಭೇದ ಗೊತ್ತಿಲ್ಲ’ ಎಂಬ ಒಕ್ಕಣೆಯೇ ತಮ್ಮ ಅಧಿಕೃತ ಗುರುತು. ನನ್ನ ಪ್ರಕಾರ 1879ರ ಹೆಸರಿಗಿಂತ ಇದೇ ಗೌರವದ್ದು.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ರೋಜಾದ ಒಬ್ಬ ಮಾಸ್ತರ

ಪ್ರತಿ: ಕಲಬುರಗಿ, ಕಮಲಾಪುರ, ಶಹಾಬಾದ, ಚಿತ್ತಾಪುರದ ಓದುಗರಿಗೆ, ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ. ಹೊಲದಲ್ಲೋ ಗಣಿಯಲ್ಲೋ ಮೂಳೆಯಂಥದ್ದು ಕಣ್ಣಿಗೆ ಬಿದ್ದರೆ ದಯವಿಟ್ಟು ಕೀಳಬೇಡಿ, ತೊಳೆಯಬೇಡಿ, ಒಡೆದು ಹಂಚಿಕೊಳ್ಳಬೇಡಿ. ಇದ್ದಲ್ಲೇ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಯಾವ ಊರು, ಯಾವ ಸರ್ವೆ ನಂಬರು, ಎಷ್ಟು ಆಳ, ಯಾವ ಬಣ್ಣದ ಕಲ್ಲು ಎಂದು ಬರೆದುಕೊಂಡು ಭೂವಿಜ್ಞಾನ ಬಲ್ಲವರಿಗೆ ತೋರಿಸಿ. ಹೆಸರನ್ನು ಮಾತ್ರ ನೀವು ಇಡಬೇಡಿ.